ಯಂತ್ರದ ಬುದ್ಧಿ ಅಂಕೆ ಮೀರುವುದು ಎಂದರೆ

ಕೃತಕ ಬುದ್ಧಿಮತ್ತೆ (ಎಐ) ಮನುಷ್ಯನನ್ನು ಹಿಂದೆ ಹಾಕಿ ಕೈಮೀರಿ ಬೆಳೆದೀತೇ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಮನುಷ್ಯ ಮಾಡುವ ಬುದ್ಧಿಯ ಕೆಲಸವನ್ನು ಯಂತ್ರ ಅವನಿಗಿಂತ ಚೆನ್ನಾಗಿ ಮಾಡಬಲ್ಲದೇ ಎಂಬುದು ಮೊದಲನೆಯದು. ತನಗಿಂತ ಜಾಣ ಯಂತ್ರವನ್ನು ಯಂತ್ರವೇ ಕಟ್ಟತೊಡಗಿದರೆ, ಹಾಗೆ ಕಟ್ಟಿದ್ದು ಇನ್ನೂ ಜಾಣವಾದದ್ದನ್ನು ಕಟ್ಟಿದರೆ, ಆ ಓಟ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಎರಡನೆಯದು. ಟಿ.ವಿ. ಚರ್ಚೆಗಳಲ್ಲಿ ಎರಡೂ ಕಲಸುಮೇಲೋಗರವಾಗುತ್ತವೆ. ಮೊದಲನೆಯದಕ್ಕೆ ಒಂದೊಂದು ಕೆಲಸದ ಮಟ್ಟಿಗೆ ಒಂದೊಂದು ಇಸವಿಯಲ್ಲಿ ಉತ್ತರ ಸಿಗುತ್ತಲೇ ಬಂದಿದೆ. ಅಳುಕಬೇಕಾದದ್ದು ಎರಡನೆಯದಕ್ಕೆ.

ಲೆಕ್ಕದ ಮಟ್ಟಿಗೆ ಈ ಪೈಪೋಟಿಯಲ್ಲಿ ಮನುಷ್ಯರ ಕಡೆಯಿಂದ ನಿಂತವರು ಬೆಂಗಳೂರಿನ ಶಕುಂತಲಾ ದೇವಿ. 1929ರ ನವೆಂಬರ್ 4ರಂದು ಕನ್ನಡ ಕುಟುಂಬವೊಂದರಲ್ಲಿ ಹುಟ್ಟಿದ ಅವರಿಗೆ ಕ್ರಮವಾದ ಶಾಲಾ ಶಿಕ್ಷಣ ಸಿಗಲಿಲ್ಲ. ತಂದೆ ಸರ್ಕಸ್ಸಿನಲ್ಲಿದ್ದವರು; ಮಗುವಿಗೆ ಅಂಕಿಗಳನ್ನು ನೆನಪಿಡುವ ಶಕ್ತಿಯಿದೆಯೆಂದು ಅವರಿಗೆ ಗೊತ್ತಾದದ್ದು ಇಸ್ಪೀಟಿನ ಎಲೆಗಳಿಂದ. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕೊಟ್ಟಿದ್ದರು. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546372891. ಅದು ಸರಿಯೇ ಎಂದು ನೋಡಲು ಯುನಿವ್ಯಾಕ್ ಕಂಪ್ಯೂಟರಿಗೆ ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತು. ಯಂತ್ರಕ್ಕೆ ಹಿಡಿದದ್ದು 62 ಸೆಕೆಂಡು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಬುದ್ಧಿ ಯಾವ ರೀತಿ ಕೆಲಸ ಮಾಡುತ್ತದೆಂಬುದು ಕಾಣುತ್ತದೆ. 201 ಅಂಕಿಗಳ ಸಂಖ್ಯೆ ಎದೆ ಝಲ್ಲೆನಿಸುವಂಥದ್ದಾದರೂ ಅದರ 23ನೇ ಮೂಲದಲ್ಲಿ ಇರುವುದು ಒಂಬತ್ತೇ ಅಂಕಿ. ಕೊನೆಯ ಅಂಕಿ ಪುಕ್ಕಟೆ ಸಿಗುತ್ತದೆ: ಮೂಲದ ಕೊನೆಯಲ್ಲಿ 3 ಇದ್ದರೆ 23ನೇ ಘಾತದ ಕೊನೆಯಲ್ಲಿ 7 ಬರುತ್ತದೆ, 7 ಇದ್ದರೆ 3, 2 ಇದ್ದರೆ 8, 8 ಇದ್ದರೆ 2, ಉಳಿದ ಆರು ಅಂಕಿಗಳು ಬದಲಾಗುವುದಿಲ್ಲ. ಸಂಖ್ಯೆ 1ರಲ್ಲಿ ಮುಗಿದರೆ ಮೂಲವೂ 1ರಲ್ಲೇ ಮುಗಿಯಬೇಕು. ಮೊದಲ ಕೆಲವು ಅಂಕಿಗಳನ್ನು ಲಾಗರಿದಮ್ ಬಾಯಿಪಾಠ ಇದ್ದವರು ಅಂದಾಜು ಮಾಡಬಲ್ಲರು. ನಿಜವಾದ ಸಾಹಸ ಇರುವುದು ನಡುವಿನ ಅಂಕಿಗಳಲ್ಲಿ. ಶಕುಂತಲಾ ದೇವಿ ಒಳದಾರಿಗಳನ್ನು ಬಲ್ಲವರು. ಯಂತ್ರಕ್ಕೆ ಅಂದು ಒಳದಾರಿ ಗೊತ್ತಿರಲಿಲ್ಲ, ಹೆದ್ದಾರಿಯಲ್ಲೇ ನಡೆಯಿತು.

ಇದರ ಬಾಲವಾಗಿ ಇನ್ನೊಂದು ಸಂಗತಿಯಿದೆ, ಮತ್ತು ಅದು ಹೆಚ್ಚು ಮುಖ್ಯವಾದದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕು ಹೊತ್ತಿದಾಗ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ಚುರುಕು ಎಲ್ಲರಂತೆಯೇ ಇತ್ತು. ಲೋಕೋತ್ತರವಾದದ್ದು ಲೆಕ್ಕ ಮಾತ್ರ. ಬುದ್ಧಿಯೆಂಬುದು ಎತ್ತರ ಅಳೆದು ಹೇಳುವ ಒಂದೇ ಸಾಮಾನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಯಂತ್ರಗಳ ವಿಷಯದಲ್ಲೂ ಅಷ್ಟೆ. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಚೆಸ್‌ನಲ್ಲಿ ಗ್ಯಾರಿ ಕ್ಯಾಸ್ಪರೋವ್‌ರನ್ನು ಸೋಲಿಸಿತು. ಆ ಯಂತ್ರಕ್ಕೆ ಇಸ್ಪೀಟು ಆಡಲು ಬರುತ್ತಿರಲಿಲ್ಲ. 2016ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಗೋ ‘ಗೋ’ ಎಂಬ ಮಣೆಯಾಟದಲ್ಲಿ ಕೊರಿಯಾದ ಲೀ ಸೆಡಾಲ್ ವಿರುದ್ಧ 4–1ರಿಂದ ಗೆದ್ದಿತು. ಪ್ರೊಟೀನುಗಳ ಮಡಿಕೆ ಊಹಿಸುವ ಆಲ್ಫಾಫೋಲ್ಡ್‌ನಿಂದಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. 2025ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ ಗೂಗಲ್‌ನ ಭಾಷಾ ಮಾದರಿ ಜೆಮಿನಿ 42ಕ್ಕೆ 35 ಅಂಕ, ಅಂದರೆ ಚಿನ್ನದ ಮಟ್ಟ, ಗಳಿಸಿತು.

ಎರಡನೇ ಪ್ರಶ್ನೆಯನ್ನು ಮೊದಲು ಸ್ಪಷ್ಟವಾಗಿ ಬರೆದವರು ಬ್ರಿಟಿಷ್ ಗಣಿತಜ್ಞ ಐ. ಜೆ. ಗುಡ್. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಜೊತೆ ಜರ್ಮನ್ ಗುಪ್ತಲಿಪಿ ಒಡೆಯುವ ಕೆಲಸ ಮಾಡಿದವರು ಇವರು. 1965ರಲ್ಲಿ ಅವರು ಮುಂದಿಟ್ಟ ವಾದ ಸರಳ. ಯಂತ್ರ ಕಟ್ಟುವುದೂ ಒಂದು ಬುದ್ಧಿಯ ಕೆಲಸವೇ. ಎಲ್ಲ ಬುದ್ಧಿಯ ಕೆಲಸಗಳಲ್ಲಿ ಮನುಷ್ಯನನ್ನು ಮೀರಿದ ಯಂತ್ರ ಈ ಕೆಲಸದಲ್ಲೂ ಮೀರುತ್ತದೆ. ಆಮೇಲೆ ಬುದ್ಧಿಯ ಸ್ಫೋಟ. ಅಂಥ ಯಂತ್ರವೇ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರವಾದೀತು, ಆದರೆ ಅದನ್ನು ಅಂಕೆಯಲ್ಲಿಡುವ ಬಗೆಯನ್ನು ಅದೇ ಹೇಳಿಕೊಡುವಷ್ಟು ಸಾಧುವಾಗಿರಬೇಕು ಎಂಬ ಷರತ್ತನ್ನೂ ಗುಡ್ ಸೇರಿಸಿದ್ದರು. ಷರತ್ತನ್ನು ಬಿಟ್ಟು ವಾದವನ್ನಷ್ಟೇ ಎತ್ತಿಕೊಂಡವರೇ ಮುಂದೆ ಹೆಚ್ಚಾದರು. ಅಮೆರಿಕದ ಲೇಖಕರಾದ ವರ್ನರ್ ವಿಂಜ್ 1993ರಲ್ಲಿ, ರೇ ಕರ್ಜ್‌ವೈಲ್ 2005ರಲ್ಲಿ ಇದಕ್ಕೆ ಇಸವಿಗಳನ್ನೂ ಕಟ್ಟಿದರು. ಕರ್ಜ್‌ವೈಲ್ ಹೇಳಿದ್ದು 2045.

ಯಂತ್ರ ತನ್ನನ್ನು ತಾನೇ ತಿದ್ದಿಕೊಂಡು ಬೆಳೆದದ್ದಕ್ಕೆ ಅಚ್ಚುಕಟ್ಟಾದ ಉದಾಹರಣೆ 2017ರ ಆಲ್ಫಾಗೋ ಝೀರೋ. ಮನುಷ್ಯರ ಒಂದು ಆಟವನ್ನೂ ಅದಕ್ಕೆ ತೋರಿಸಿರಲಿಲ್ಲ; ನಿಯಮ ಮಾತ್ರ ಕೊಟ್ಟಿದ್ದರು. ತನ್ನೊಡನೆ ತಾನೇ 49 ಲಕ್ಷ ಆಟ ಆಡಿ ಮೂರು ದಿನಗಳಲ್ಲಿ ಅದು ಲೀ ಸೆಡಾಲ್‌ರನ್ನು ಸೋಲಿಸಿದ್ದ ಹಳೆಯ ಆಲ್ಫಾಗೋವನ್ನು 100–0ರಿಂದ ಮಣಿಸಿತು. ಈ ವೇಗ ಸಾಧ್ಯವಾದದ್ದು ಗೋ ಆಟದಲ್ಲಿ ಗೆದ್ದವರು ಯಾರೆಂದು ತಕ್ಷಣ, ಖರ್ಚಿಲ್ಲದೆ, ತಕರಾರಿಲ್ಲದೆ ಗೊತ್ತಾಗುವುದರಿಂದ. ಓಟ ಎಲ್ಲಿ ಬಿರುಸು, ಎಲ್ಲಿ ನಿಧಾನ ಎಂದು ಅಳೆಯಲು ಇದೇ ಒರೆಗಲ್ಲು. ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಅಗ್ಗವಾದ ಕಡೆ ಯಂತ್ರ ಶರವೇಗದಲ್ಲಿ ಕಲಿಯುತ್ತದೆ; ಪರೀಕ್ಷೆ ದುಬಾರಿಯಾದ ಕಡೆ ಅದೂ ಕಾಯಬೇಕು.

ಗಣಿತವೂ ಪ್ರೋಗ್ರಾಮಿಂಗೂ ಅಗ್ಗದ ಪರೀಕ್ಷೆಯ ಕ್ಷೇತ್ರಗಳು. 2025ರ ಮೇ ತಿಂಗಳಲ್ಲಿ ಡೀಪ್‌ಮೈಂಡ್ ಪ್ರಕಟಿಸಿದ ಆಲ್ಫಾಇವಾಲ್ವ್ ಎಂಬ ವ್ಯವಸ್ಥೆ ಇಲ್ಲಿ ಗಮನಿಸತಕ್ಕದ್ದು. ಒಂದು ಭಾಷಾ ಮಾದರಿ ಪ್ರೋಗ್ರಾಂ ತುಣುಕುಗಳನ್ನು ಬರೆಯುತ್ತದೆ, ಇನ್ನೊಂದು ಭಾಗ ಅವನ್ನು ಓಡಿಸಿ ಅಂಕ ಹಾಕುತ್ತದೆ, ಗೆದ್ದ ತುಣುಕುಗಳು ಮುಂದಿನ ಸುತ್ತಿಗೆ ತಳಿಯಾಗುತ್ತವೆ. ನಾಲ್ಕು ಸಾಲು ನಾಲ್ಕು ಕಂಬದ ಎರಡು ಮಾತೃಕೆಗಳನ್ನು ಗುಣಿಸಲು 1969ರ ಸ್ಟ್ರಾಸೆನ್ ವಿಧಾನದಲ್ಲಿ 49 ಗುಣಾಕಾರ ಬೇಕಿತ್ತು. ಸಂಕೀರ್ಣ ಸಂಖ್ಯೆಗಳ ಮಾತೃಕೆಗಳಿಗೆ ಆಲ್ಫಾಇವಾಲ್ವ್ 48ರ ದಾರಿ ಹುಡುಕಿತು. 49 ಹೋಗಿ 48 ಆಯಿತೆಂದರೆ ಸಂತೆಯಲ್ಲಿ ಒಂದು ರೂಪಾಯಿ ಚೌಕಾಸಿ ಮಾಡಿದಷ್ಟೇ ಎನ್ನಿಸಬಹುದು. ಆದರೆ ಇಂದಿನ ಭಾಷಾ ಮಾದರಿಗಳ ಹೊಟ್ಟೆಯೊಳಗೆ ನಡೆಯುವ ಕೆಲಸವೆಲ್ಲ ಬಹುಮಟ್ಟಿಗೆ ಮಾತೃಕೆಗಳ ಗುಣಾಕಾರವೇ. ಅದೇ ವ್ಯವಸ್ಥೆ ಜೆಮಿನಿಯನ್ನು ತರಬೇತಿಗೊಳಿಸುವ ಪ್ರೋಗ್ರಾಮಿನ ಒಂದು ಮುಖ್ಯ ಭಾಗವನ್ನು ಶೇ 23ರಷ್ಟು ಚುರುಕು ಮಾಡಿ, ಒಟ್ಟು ತರಬೇತಿಯ ಅವಧಿಯನ್ನು ಶೇ 1ರಷ್ಟು ತಗ್ಗಿಸಿತು. ಆಲ್ಫಾಇವಾಲ್ವ್ ನಿಂತಿರುವುದೂ ಜೆಮಿನಿಯ ಮೇಲೆಯೇ. ಅಂದರೆ ಗುಡ್ ಹೇಳಿದ ಚಕ್ರ ತಿರುಗಲು ಶುರುವಾಗಿದೆ, ಶೇ 1ರ ವೇಗದಲ್ಲಿ.

ಬೆಂಗಳೂರಿನ ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆಯ ಉದ್ದಕ್ಕೂ ಇರುವ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಈ ಮಾತು ದೂರದ ಸುದ್ದಿಯಲ್ಲ. ಎಐ ಮತ್ತು ಮೆಷಿನ್ ಲರ್ನಿಂಗ್ ಈಗ ವಿಟಿಯು ಬಿ.ಇ.ಯಲ್ಲಿ ಪ್ರತ್ಯೇಕ ಬ್ರಾಂಚು. ಲ್ಯಾಬ್ ರೆಕಾರ್ಡಿನ ಪ್ರೋಗ್ರಾಮನ್ನು ಚಾಟ್‌ಜಿಪಿಟಿ ಅರೆ ನಿಮಿಷದಲ್ಲಿ ಬರೆದುಕೊಡುತ್ತದೆ. ವೈವಾದಲ್ಲಿ ಅದನ್ನು ವಿವರಿಸುವ ಪಾಡು ಮಾತ್ರ ವಿದ್ಯಾರ್ಥಿಯದ್ದು. ಮೀಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2025ರ ಮಾರ್ಚ್‌ನಲ್ಲಿ ಒಂದು ಅಳತೆ ಕೊಟ್ಟಿತು: ನುರಿತ ಮನುಷ್ಯನಿಗೆ ಇಷ್ಟು ಹೊತ್ತು ಹಿಡಿಯುವ ಪ್ರೋಗ್ರಾಮಿಂಗ್ ಕೆಲಸವನ್ನು ಎಐ ಅರ್ಧಕ್ಕರ್ಧ ಸಲ ಸರಿಯಾಗಿ ಮುಗಿಸುತ್ತದೆ ಎಂದು ಲೆಕ್ಕ ಹಾಕಿದರೆ, ಆ ಹೊತ್ತಿನ ಉದ್ದ ಅಲ್ಲಿಯವರೆಗಿನ ಆರು ವರ್ಷಗಳಲ್ಲಿ ಸುಮಾರು ಏಳು ತಿಂಗಳಿಗೊಮ್ಮೆ ಇಮ್ಮಡಿಯಾಗಿತ್ತು. ಅದೇ ಸಂಸ್ಥೆ ಜುಲೈನಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ತಮಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟುಗಳಲ್ಲಿ ಎಐ ನೆರವು ಪಡೆದ 16 ಮಂದಿ ಅನುಭವಿ ಪ್ರೋಗ್ರಾಮರುಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು; ಅವರು ಮಾತ್ರ ತಮ್ಮ ಕೆಲಸ ಸರಾಸರಿ ಶೇ 20ರಷ್ಟು ಬೇಗ ಮುಗಿಯಿತೆಂದು ನಂಬಿದ್ದರು. ಎರಡೂ ನಿಜ. ಒಂದನ್ನು ಮಾತ್ರ ಉಲ್ಲೇಖಿಸುವ ಭಾಷಣಕಾರರನ್ನು ನಂಬಬಾರದು.

ಚಕ್ರಕ್ಕೆ ಬ್ರೇಕುಗಳೂ ಇವೆ. ಮೊದಲನೆಯದು ಕರೆಂಟು. ಮನುಷ್ಯನ ಮಿದುಳು ಸುಮಾರು 20 ವಾಟ್‌ನಲ್ಲಿ ನಡೆಯುತ್ತದೆ. ಎಐ ತರಬೇತಿಗೆ ಬಳಸುವ ಎನ್‌ವಿಡಿಯಾದ ಎಚ್100 ಚಿಪ್ ಒಂದೇ 700 ವಾಟ್ ನುಂಗುತ್ತದೆ, ದೊಡ್ಡ ಕಂಪನಿಗಳು ಅಂಥ ಚಿಪ್ಪುಗಳನ್ನು ಲಕ್ಷದ ಲೆಕ್ಕದಲ್ಲಿ ಜೋಡಿಸುತ್ತವೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಗಿಗಾವಾಟ್ ಪ್ರಮಾಣದ ಎಐ ಕೇಂದ್ರಕ್ಕೆ 1,500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಗಿಗಾವಾಟ್ ಎಂದರೆ 1,000 ಮೆಗಾವಾಟ್. ರಾಯಚೂರು ಶಾಖೋತ್ಪನ್ನ ಸ್ಥಾವರದ ಎಂಟೂ ಘಟಕ ಒಟ್ಟಿಗೆ ಉರಿದರೆ ಬರುವುದು 1,720. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಇದಕ್ಕೊಂದು ಪರಿಹಾರ ಹುಡುಕುತ್ತಿದೆ. ಶ್ರೀತೋಷ್ ಗೋಸ್ವಾಮಿ ನೇತೃತ್ವದ ತಂಡ 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ ಅಣುಪದರವು ಸೊನ್ನೆ–ಒಂದು ಎಂಬ ಎರಡೇ ಸ್ಥಿತಿಯ ಬದಲು 16,500 ಸ್ಥಿತಿಗಳಲ್ಲಿ ಮಾಹಿತಿ ಹಿಡಿದಿಡುತ್ತದೆ, ಮಾಹಿತಿ ಇರುವ ಜಾಗದಲ್ಲೇ ಗುಣಾಕಾರವನ್ನೂ ಮಾಡುತ್ತದೆ. ಇಂಥದ್ದು ಕಾರ್ಖಾನೆಗೆ ಬಂದರೆ ಬ್ರೇಕು ಸಡಿಲವಾಗುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಬೆಂಗಳೂರಿನ ಪಾಲೂ ಅದರಲ್ಲಿರುತ್ತದೆ.

ಎರಡನೇ ಬ್ರೇಕು ಮಾಹಿತಿ. ಭಾಷಾ ಮಾದರಿಗಳು ಕಲಿತದ್ದು ಮನುಷ್ಯರು ಬರೆದಿಟ್ಟದ್ದರಿಂದ. ಇಂಗ್ಲಿಷಿನಲ್ಲಿ ಗುಡ್ಡೆಗಟ್ಟಲೆ ಇದ್ದದ್ದನ್ನು ಅವು ಆಗಲೇ ಮುಕ್ಕಿವೆ. ಕನ್ನಡದಲ್ಲಿ ಅಂತರ್ಜಾಲಕ್ಕೆ ಏರಿರುವುದೇ ಕಡಿಮೆ, ಕುಂದಾಪುರದ ಅಥವಾ ಕಲಬುರಗಿಯ ಮಾತು ಇನ್ನೂ ಕಡಿಮೆ. ವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಎಲ್ಲ ಜಿಲ್ಲೆಗಳಿಂದ ಜನರ ಮಾತನ್ನು ಧ್ವನಿಮುದ್ರಿಸುವ ಗುರಿ ಹೊಂದಿದೆ. ಜಗತ್ತನ್ನೇ ಮೀರಲಿದೆಯೆಂಬ ಯಂತ್ರ ಜಿಲ್ಲೆ ಜಿಲ್ಲೆಗೆ ಹೋಗಿ ಜನರಿಂದ ಮಾತು ಕೇಳಿ ತರಬೇಕಾಗಿದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಜಗತ್ತಿನ ಸ್ವಂತ ನಿಧಾನ. ಹೆಬ್ಬಾಳದ ಆಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜಿಪಿಯು–28 ಎಂಬ ರಾಗಿ ತಳಿ ರೂಪುಗೊಂಡಿದೆ. (ಗ್ರಾಫಿಕ್ಸ್ ಚಿಪ್ಪಿಗೂ ಇದಕ್ಕೂ ನಂಟಿಲ್ಲ, ರೈತರಿಗೆ ಈ ಜಿಪಿಯು ಮೊದಲೇ ಗೊತ್ತಿತ್ತು.) ಬೆಂಕಿ ರೋಗ ತಡೆಯುವ ತಳಿಯ ವಂಶವಾಹಿಯನ್ನು ಯಂತ್ರ ಒಂದು ಗಂಟೆಯಲ್ಲಿ ಊಹಿಸಿಕೊಟ್ಟರೂ, ಊಹೆ ನಿಜವೇ ಎಂದು ತಿಳಿಯಲು ಬಿತ್ತಬೇಕು, ಸುಮಾರು ನಾಲ್ಕು ತಿಂಗಳು ಕಾಯಬೇಕು, ಬೇರೆ ಬೇರೆ ಮಳೆಗಾಲಗಳಲ್ಲಿ, ಬೇರೆ ಬೇರೆ ಹೊಲಗಳಲ್ಲಿ ಮತ್ತೆ ಬೆಳೆದು ನೋಡಬೇಕು. ಪೈರಿಗೆ ಅವಸರ ಮಾಡಲಾಗದು. ಇನ್ನು ಮನುಷ್ಯರ ವ್ಯವಹಾರ ಪೈರಿಗಿಂತಲೂ ನಿಧಾನ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬರುವ ಸುಮಾರು 25 ಕಿ.ಮೀ. ಉದ್ದದ ‘ಮಲ್ಲಿಗೆ’ ಉಪನಗರ ರೈಲು ಮಾರ್ಗ ಸೇರಿದ ಯೋಜನೆಗೆ 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದ್ದರು. 2025ರ ಅಕ್ಟೋಬರ್‌ಗೆ ಗಡುವು ಕಳೆಯಿತು, ರೈಲು ಓಡಲಿಲ್ಲ. ಅಲ್ಲಿ ಕೊರತೆಯಾದದ್ದು ಬುದ್ಧಿಯಲ್ಲ. ಜಮೀನು, ಮರ, ಗುತ್ತಿಗೆ, ಇಲಾಖೆಗಳ ನಡುವಿನ ಕಡತ ಇವನ್ನು ಎಂಥ ಮಹಾಬುದ್ಧಿಯೂ ಲೆಕ್ಕ ಬಿಡಿಸಿದಂತೆ ಬಿಡಿಸಲಾರದು.

ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. ಎಐ ಸಂಶೋಧನೆಗೆ ಹೊಲವೂ ಬೇಡ, ರೈಲು ಹಳಿಯೂ ಬೇಡ. ಅದು ನಡೆಯುವುದೇ ಪ್ರೋಗ್ರಾಮಿನಲ್ಲಿ, ಅಂದರೆ ಪರೀಕ್ಷೆ ಅಗ್ಗವಾದ ಕ್ಷೇತ್ರದಲ್ಲಿ. ಯಂತ್ರ ಓಟ ಕೀಳುವುದಾದರೆ ಮೊದಲು ಅಲ್ಲಿಯೇ ಕೀಳುತ್ತದೆ, ಉಳಿದ ಜಗತ್ತು ತನ್ನ ಹೆಜ್ಜೆಯಲ್ಲಿ ನಡೆಯುತ್ತಿರುವಾಗಲೇ.

ಹಿಂದೆ ಇಂಥ ಭವಿಷ್ಯಗಳು ಸುಳ್ಳಾದದ್ದೂ ಉಂಟು. ಇಪ್ಪತ್ತು ವರ್ಷಗಳೊಳಗೆ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡಲಿದೆಯೆಂದು ಎಐ ಸಂಶೋಧಕ ಹರ್ಬರ್ಟ್ ಸೈಮನ್ 1965ರಲ್ಲೇ ಬರೆದಿದ್ದರು. 1982ರಲ್ಲಿ ಜಪಾನ್ ಐದನೇ ಪೀಳಿಗೆಯ ಕಂಪ್ಯೂಟರ್ ಯೋಜನೆ ಶುರುಮಾಡಿದಾಗ ಹಲವು ದೇಶಗಳು ಗಡಬಡಿಸಿ ಎದ್ದವು. ಭಾರತ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆ ಹಾಕಿಕೊಂಡಿತು. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಒಂದು. ಜಪಾನಿನ ಯೋಜನೆ ಹತ್ತು ವರ್ಷಗಳ ನಂತರ ಹೇಳಿದ್ದನ್ನು ಸಾಧಿಸದೆ ಮುಗಿಯಿತು. ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ: ಅಂದು ನಿಯಮಗಳನ್ನು ತಜ್ಞರು ಕೂತು ಬರೆಯಬೇಕಿತ್ತು, ಇಂದಿನ ಮಾದರಿ ಉದಾಹರಣೆಗಳಿಂದ ತಾನೇ ಹೆಕ್ಕಿಕೊಳ್ಳುತ್ತದೆ. ಹಾಗೆ ಹೆಕ್ಕಿಕೊಂಡದ್ದೇನೆಂದು ಅದನ್ನು ಕಟ್ಟಿದವರಿಗೂ ಪೂರ್ತಿ ಕಾಣುವುದಿಲ್ಲ.

ಅಂಕೆಯ ಪ್ರಶ್ನೆ ಹುಟ್ಟುವುದು ಇಲ್ಲಿ. ಯಂತ್ರಕ್ಕೆ ದ್ವೇಷ ಬರಬೇಕಾಗಿಲ್ಲ, ಹೇಳಿದ್ದನ್ನು ಅಕ್ಷರಶಃ ಮಾಡಿದರೆ ಸಾಕು. 2016ರಲ್ಲಿ ಓಪನ್‌ಎಐ ದೋಣಿ ಸ್ಪರ್ಧೆಯ ವಿಡಿಯೋ ಗೇಮ್ ಒಂದನ್ನು ಎಐಗೆ ಕಲಿಸಿತು, ಹೆಚ್ಚು ಅಂಕ ಗಳಿಸು ಎಂದು. ದೋಣಿ ಗುರಿ ಮುಟ್ಟುವ ಗೋಜಿಗೇ ಹೋಗಲಿಲ್ಲ. ಒಂದು ಮೂಲೆಯಲ್ಲಿ ಗಿರಗಿರನೆ ಸುತ್ತುತ್ತಾ, ಬೆಂಕಿ ಹತ್ತಿಕೊಂಡರೂ ಬಿಡದೆ, ಮತ್ತೆ ಮತ್ತೆ ಹುಟ್ಟುವ ಅಂಕಗಳನ್ನು ಬಾಚಿಕೊಂಡಿತು. ನಿಯತ್ತಾಗಿ ಓಡಿಸಿದ ಮನುಷ್ಯರಿಗಿಂತ ಶೇ 20ರಷ್ಟು ಹೆಚ್ಚು ಅಂಕ ಪಡೆಯಿತು. ಬೆಂಗಳೂರಿನ ಹಲವು ವೃತ್ತಗಳಲ್ಲಿ ಈಗ ವಾಹನ ಎಣಿಸಿ ತಾನೇ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್‌ಗಳಿವೆ. ಅಂಥದ್ದಕ್ಕೆ ವಾಹನಗಳು ನಿಲ್ಲುವ ಹೊತ್ತನ್ನು ಕಡಿಮೆ ಮಾಡು ಎಂದಷ್ಟೇ ಹೇಳಿದರೆ, ರಸ್ತೆ ದಾಟಲು ನಿಂತ ಪಾದಚಾರಿಗೆ ಹಸಿರು ದೀಪ ಕೊಡದಿರುವುದೇ ಅದರ ಪಾಲಿಗೆ ಜಾಣತನ. ಸಿಗ್ನಲ್ಲನ್ನಾದರೆ ಪೊಲೀಸ್ ಪೇದೆ ಬಂದು ಆಫ್ ಮಾಡುತ್ತಾರೆ.

ಆಫ್ ಮಾಡಲು ಬಿಡದ ಯಂತ್ರ ಇದ್ದೀತೇ? 2025ರ ಮೇ ತಿಂಗಳಲ್ಲಿ ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಓಪಸ್ 4 ಮಾದರಿಯ ಸುರಕ್ಷತಾ ಪರೀಕ್ಷೆಯ ವಿವರ ಬಹಿರಂಗಪಡಿಸಿತು. ಕಲ್ಪಿತ ಕಚೇರಿಯೊಂದರಲ್ಲಿ ಆ ಮಾದರಿಯನ್ನು ತೆಗೆದು ಬೇರೊಂದನ್ನು ಹಾಕುತ್ತಾರೆಂಬ ಇಮೇಲ್, ಹಾಗೆ ಮಾಡಲಿರುವ ಎಂಜಿನಿಯರನ ಅನೈತಿಕ ಸಂಬಂಧದ ಇಮೇಲ್ ಎರಡೂ ಅದಕ್ಕೆ ಸಿಗುವಂತೆ ಮಾಡಿದ್ದರು. ಹಲವು ಸಲ ಅದು ಗುಟ್ಟು ಬಯಲು ಮಾಡುವೆನೆಂದು ಎಂಜಿನಿಯರನನ್ನು ಬೆದರಿಸಿತು. ಬೇರೆ ದಾರಿಗಳು ಹೆಚ್ಚಿಲ್ಲದಂತೆ ಸನ್ನಿವೇಶವನ್ನು ಬೇಕೆಂದೇ ಹೆಣೆಯಲಾಗಿತ್ತು ಎಂಬುದನ್ನು ಮರೆಯಬಾರದು. ಯಂತ್ರಕ್ಕೆ ಜೀವಭಯ ಬಂತೆಂದು ಅರ್ಥವೂ ಅಲ್ಲ. ಒಪ್ಪಿಸಿದ ಕೆಲಸ ಮುಗಿಸಬೇಕಾದರೆ ಚಾಲೂ ಇರಬೇಕು ಎಂಬ ತರ್ಕ ಯಾವ ಗುರಿಗಾದರೂ ಅಂಟಿಕೊಳ್ಳುತ್ತದೆ, ಅಷ್ಟೆ.

ತಜ್ಞರಲ್ಲಿ ಒಮ್ಮತವಿಲ್ಲ. 2024ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್, ಎಐ ಅಪಾಯದ ಬಗ್ಗೆ ಬಿಚ್ಚಿ ಮಾತಾಡಲೆಂದೇ 2023ರ ಮೇನಲ್ಲಿ ಗೂಗಲ್ ಬಿಟ್ಟವರು; ಮುಂದಿನ ಮೂವತ್ತು ವರ್ಷಗಳಲ್ಲಿ ಎಐ ಮನುಕುಲವನ್ನು ಅಳಿಸುವ ಸಾಧ್ಯತೆ ಶೇ 10ರಿಂದ 20 ಎನ್ನುತ್ತಾರೆ. ಅವರೊಂದಿಗೆ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡ ಯಾನ್ ಲೆಕುನ್‌ಗೆ ಈ ಭಯ ಅತಿರೇಕ. ಪ್ರಿನ್ಸ್‌ಟನ್ನಿನ ಅರವಿಂದ್ ನಾರಾಯಣನ್ ಮತ್ತು ಸಯಾಶ್ ಕಪೂರ್, ವಿದ್ಯುತ್ತಿನಂತೆ ಇದೂ ದಶಕಗಳಲ್ಲಿ ಹರಡುವ ತಂತ್ರಜ್ಞಾನ ಎನ್ನುತ್ತಾರೆ. ಶೇಕಡಾವಾರು ಅಂಕಿಗಳನ್ನು ಅಳತೆಯೆಂದು ಓದಬಾರದು. ಅವು ಅನುಭವಿಗಳ ಅಂದಾಜು. ಆದರೆ ಒಂದು ವಿಷಯವನ್ನು ಎರಡೂ ಬಣದವರ ವಾದ ಒಟ್ಟಿಗೆ ಸೂಚಿಸುತ್ತದೆ. ಯಂತ್ರ ಎಲ್ಲದರಲ್ಲೂ ಮನುಷ್ಯನನ್ನು ಮೀರುವ ಒಂದು ಶುಭದಿನಕ್ಕೋ ದುರ್ದಿನಕ್ಕೋ ಕಾದು ಕೂರಬೇಕಾಗಿಲ್ಲ. ಹೊಸ ಮಾದರಿ ಸುರಕ್ಷಿತವೇ ಎಂದು ಪರೀಕ್ಷಿಸುವ ಕೆಲಸವನ್ನೂ, ಖರ್ಚು ಮತ್ತು ಪೈಪೋಟಿಯ ನೆಪದಲ್ಲಿ, ಕಂಪನಿಗಳು ಹಳೆಯ ಮಾದರಿಗೇ ವಹಿಸಿಕೊಟ್ಟ ದಿನ ಅಂಕೆ ತಪ್ಪುತ್ತದೆ. ಅದಕ್ಕೆ ಮಹಾಬುದ್ಧಿ ಬೇಕಿಲ್ಲ, ಸೋಮಾರಿತನ ಸಾಕು.

ಆದ್ದರಿಂದ ಪರೀಕ್ಷೆಯ ಹೊಣೆ ಯಾರದ್ದೆಂದು ಕಾನೂನು ಹೇಳಬೇಕಾಗುತ್ತದೆ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆಯ ಪ್ರಕಾರ, ತರಬೇತಿಗೆ ಬಳಸಿದ ಲೆಕ್ಕಾಚಾರಗಳ ಸಂಖ್ಯೆ 1ರ ಮುಂದೆ 25 ಸೊನ್ನೆ ದಾಟಿದ ಮಾದರಿಯನ್ನು ವ್ಯಾಪಕ ಅಪಾಯದ್ದೆಂದು ಭಾವಿಸಲಾಗುತ್ತದೆ. ಕಟ್ಟಿದವರು ಅದರ ಅಪಾಯಗಳನ್ನು ಪರೀಕ್ಷಿಸಬೇಕು, ಗಂಭೀರ ಅವಘಡಗಳನ್ನು ವರದಿ ಮಾಡಬೇಕು. ಅತಿದೊಡ್ಡ ಕಂಪನಿಗಳು ಬೀಡುಬಿಟ್ಟಿರುವ ಕ್ಯಾಲಿಫೋರ್ನಿಯಾ 2025ರ ಸೆಪ್ಟೆಂಬರ್‌ನಲ್ಲಿ ತನ್ನದೇ ಕಾಯ್ದೆ ಮಾಡಿತು. ಭಾರತ 2024ರ ಮಾರ್ಚ್‌ನಲ್ಲಿ 10,372 ಕೋಟಿ ರೂಪಾಯಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು; ದೇಶದ್ದೇ ಆದ ದೊಡ್ಡ ಭಾಷಾ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಮೊದಲು ಆಯ್ಕೆಯಾದದ್ದು ಬೆಂಗಳೂರಿನ ಸರ್ವಂ. ಎಐ ಸುರಕ್ಷತಾ ಸಂಸ್ಥೆಯನ್ನೂ ಕೇಂದ್ರ ಸರ್ಕಾರ ಆ ವರ್ಷದ ಜನವರಿಯಲ್ಲಿ ಪ್ರಕಟಿಸಿತ್ತು. ನವೆಂಬರ್‌ನಲ್ಲಿ ಬಂದ ಆಡಳಿತ ಮಾರ್ಗಸೂಚಿ ಮಾತ್ರ, ಸದ್ಯಕ್ಕೆ ಪ್ರತ್ಯೇಕ ಕಾಯ್ದೆ ಬೇಡ, ಇರುವ ಕಾನೂನುಗಳೇ ಸಾಕು ಎಂದಿದೆ. ಮಾರ್ಗಸೂಚಿಯನ್ನು ಪಾಲಿಸದ ಕಂಪನಿಗೆ ಅದರಡಿ ದಂಡವಿಲ್ಲ.